ಖಾಲಿಯಾಗದ ಕುರ್ಚಿಗಳು

ಗುರುವಾರದ ಗುಂಪಿನಲ್ಲಿ ಅವಳನ್ನು ಎಲ್ಲರೂ ಕಂಬಕ್ಕ ಎನ್ನುತ್ತಿದ್ದರು. ಅವಳದೇ ದರ್ಜಿ ಅಂಗಡಿಯ ಹಿಂಬದಿ ಕೋಣೆಯಲ್ಲಿ ಒಂಬತ್ತು ಜನ ಪೋಕರ್‌ಗೆ ಕೂತರೆ, ಅವಳು ಕಂಬದಂತೆ ಅಲುಗದೆ ಕೂರುವಳು. ಬಹುಮಾನ ಕೊನೆಯ ಮೂವರಿಗೆ. ದುಡುಕುವವರು ತಮ್ಮತಮ್ಮಲ್ಲೇ ಕಾದಾಡಿ ಒಬ್ಬೊಬ್ಬರಾಗಿ ಏಳುವರು. ಒಂದೊಂದು ಕುರ್ಚಿ ಖಾಲಿಯಾದಾಗಲೂ ಕಂಬಕ್ಕ, ಏನೂ ಮಾಡದೆಯೇ, ಒಂದು ಮೆಟ್ಟಿಲು ಮೇಲೇರುವಳು.

ಊರಿನ ದೊಡ್ಡ ಪಂದ್ಯಕ್ಕೆ ಗುಂಪಿಗೆ ಸಿಕ್ಕಿದ್ದು ಒಂದೇ ಪ್ರವೇಶ. ಅದಕ್ಕೂ ಒಂದು ಷರತ್ತು: ಗುಂಪಿನಿಂದ ಹೋದವರು ಕೊನೆಯ ಒಂಬತ್ತು ಜನರ ಮೇಜು ತಲುಪಿದರೆ ಪ್ರತಿವರ್ಷ ಪ್ರವೇಶ, ಇಲ್ಲದಿದ್ದರೆ ಇದೇ ಮೊದಲು, ಇದೇ ಕೊನೆ. ಉಳಿದ ಎಂಟೂ ಜನ ಅವಳನ್ನೇ ಕಳಿಸಿದರು.

ಸಭಾಂಗಣದಲ್ಲಿ ಇನ್ನೂರ ಎಪ್ಪತ್ತು ಜನ. ತಗಡಿನ ಮೇಲೆ ಕಾಳು ಸುರಿದಂತೆ ಪಣಕ್ಕಿಡುವ ಬಿಲ್ಲೆಗಳ ಸದ್ದು. ಕಂಬಕ್ಕ ತನ್ನ ಪದ್ಧತಿಯಂತೆ ಕೂತಳು. ಎದುರಿನ ಗಡ್ಡದವನು ಗಂಟೆಯೊಳಗೆ ಬಿಲ್ಲೆಯನ್ನೆಲ್ಲ ಸೋತು ಎದ್ದ. ಒಬ್ಬ ಹೋದ ಎಂದುಕೊಳ್ಳುವಷ್ಟರಲ್ಲಿ ಬೇರೆ ಮೇಜಿನಿಂದ ಆಯೋಜಕರು ಕಳಿಸಿದ ಒಬ್ಬ ಹೆಂಗಸು ಕಂಬಕ್ಕನಿಗಿಂತ ಮೂರು ಪಟ್ಟು ಬಿಲ್ಲೆ ಹೊತ್ತು ಬಂದು ಅದೇ ಕುರ್ಚಿಯಲ್ಲಿ ಕೂತಳು. ಮತ್ತೊಬ್ಬ ಎದ್ದ, ಮತ್ತೊಬ್ಬ ಬಂದ. ಸರದಿ ಬಂದಾಗಲೆಲ್ಲ ಎಲೆ ನೋಡುವ ಮೊದಲೇ ಇಡಬೇಕಾದ ಬ್ಲೈಂಡ್ ಎಂಬ ಪಣ ಅರ್ಧ ಗಂಟೆಗೊಮ್ಮೆ ಏರುತ್ತ ಅವಳ ಬಿಲ್ಲೆಗಳ ಗುಡ್ಡೆಯನ್ನು ನೆಕ್ಕುತ್ತಿತ್ತು.

ವಿರಾಮದಲ್ಲಿ ತಮ್ಮ ಬಂದ. ಬಸ್ ಡ್ರೈವರ್. ರಜೆ ಹಾಕಿ ಆಟ ನೋಡಲು ಬಂದಿದ್ದ.

"ಏನಕ್ಕಾ, ಇವು ಬಿಲ್ಲೆಗಳೋ ಗುಂಡಿಗಳೋ? ಒಂದು ಅಂಗಿಗೂ ಸಾಲಲ್ವಲ್ಲ!"

"ಬಾಯ್ಮುಚ್ಚು. ಇಲ್ಲಿ ಎಷ್ಟು ಜನ ಎದ್ರೂ ನನ್ನ ಮೇಜು ಖಾಲಿ ಆಗಲ್ಲ ಕಣೋ. ಅಲ್ಲೆಲ್ಲೋ ಕಾದಾಡಿ ಗೆದ್ದಿದ್ದನ್ನ ಹೊತ್ಕೊಂಡು ನನ್ನೆದುರಿಗೇ ಬರ್ತಾರೆ."

"ನನ್ನ ಬಸ್ಸೂ ಹಾಗೇ. ಒಬ್ಬ ಇಳಿದ್ರೆ ಇಬ್ಬರು ಹತ್ತುತ್ತಾರೆ. ಈಗೇನು ಮಾಡ್ತೀಯ?"

"ಕಾಯೋದು ಬಿಡ್ತೀನಿ."

ಹೆದರಿದವಳ ಮಾತಲ್ಲ ಅದು. ಬಟ್ಟೆಗೆ ಕತ್ತರಿ ಇಡುವ ಮೊದಲು ಅಳತೆ ತಿದ್ದಿಕೊಂಡವಳ ಮಾತು. ವಿರಾಮ ಮುಗಿದ ಸ್ವಲ್ಪ ಹೊತ್ತಿಗೇ ಎರಡು ಒಂಬತ್ತು ಹಿಡಿದು, ಇದ್ದಬದ್ದ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿ, ಗುಡ್ಡೆಯನ್ನು ದುಪ್ಪಟ್ಟು ಮಾಡಿಕೊಂಡಳು.

ಇಲ್ಲಿ ಬಹುಮಾನ ಇಪ್ಪತ್ತೇಳು ಜನರಿಗೆ. ಮೂವತ್ತು ಉಳಿದಾಗ ಸಭಾಂಗಣದ ಸದ್ದೇ ಬದಲಾಯಿತು. ಕಂಬಕ್ಕ ಕಿವಿಗೊಟ್ಟಳು. ಯಾರೂ ಬಿಲ್ಲೆ ಎಸೆಯುತ್ತಿರಲಿಲ್ಲ. ತಮ್ಮತಮ್ಮವನ್ನು ಮೆಲ್ಲಗೆ, ಮತ್ತೆ ಮತ್ತೆ ಎಣಿಸುತ್ತಿದ್ದರು. ಗುರುವಾರಗಳಲ್ಲಿ ನಾಲ್ವರು ಉಳಿದಾಗ ಅವಳ ಬೆರಳುಗಳೇ ಮಾಡುತ್ತಿದ್ದ ಸದ್ದು ಅದು. ಇನ್ನೊಬ್ಬ ಸೋಲಲಿ, ನಾನು ಉಳಿಯಲಿ ಎಂಬ ಜಪ. ಹಾಗೆ ಜಪಿಸುವವರು ಒಳ್ಳೆಯ ಎಲೆಯನ್ನೂ ಕೆಳಗಿಡುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೈಯಲ್ಲಿದ್ದದ್ದು ಏಳು, ನಾಲ್ಕರ ಬಡ ಎಲೆಗಳು. ಪಣ ಏರಿಸಿದಳು. ಎಲ್ಲರೂ ಎಲೆ ಬಿಟ್ಟರು. ಮತ್ತೆ ಏರಿಸಿದಳು. ಮತ್ತೆ ಬಿಟ್ಟರು.

"ಪ್ರತಿ ಸಲವೂ ನಿಮಗೇ ರಾಜ ಬರ್ತಾನೇನಮ್ಮಾ?" ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಗೊಣಗಿದರು.

"ಮರ್ಯಾದೆ ಕೊಟ್ಟು ಕರೆದ್ರೆ ಬರ್ತಾನೆ, ಮೇಷ್ಟ್ರೇ."

ಸಂಜೆಗೆ ಉಳಿದವರು ಹತ್ತು ಜನ, ಎರಡು ಮೇಜುಗಳಲ್ಲಿ ಐದೈದು. ಇನ್ನೊಬ್ಬ ಎದ್ದರೆ ಗುಂಪಿನ ಪ್ರವೇಶ ಗಟ್ಟಿ. ಆಗಲೇ ಮೇಷ್ಟ್ರು, ಇಡೀ ದಿನ ಎಣಿಸಿ ಎಣಿಸಿ ಇಟ್ಟವರು, ಎಣಿಸದೆಯೇ ಅಷ್ಟನ್ನೂ ಮುಂದೆ ತಳ್ಳಿದರು.

"ಈಗೇನು ಮಾಡ್ತೀರೋ ನೋಡೋಣ!"

ಕಂಬಕ್ಕನ ಕೈಯಲ್ಲಿ ಎರಡು ಹತ್ತು. ನೋಡುಗರನ್ನು ತಡೆದ ಹಗ್ಗದಾಚೆ ನಿಂತ ತಮ್ಮ ಬೇಡ ಬೇಡ ಎಂದು ತಲೆಯಾಡಿಸಿದ. ಅವಳು ಆ ಕಡೆ ನೋಡಲಿಲ್ಲ. ಮೇಷ್ಟ್ರದು ತನ್ನದಕ್ಕಿಂತ ಚಿಕ್ಕ ಗುಡ್ಡೆ; ಸೋತರೂ ತನ್ನದರ ಮೂರರಲ್ಲೊಂದು ಪಾಲು ಉಳಿಯುತ್ತದೆ. ಮೇಷ್ಟ್ರ ದನಿಯಲ್ಲಿ ಇದ್ದದ್ದು ಸಿಟ್ಟು, ಎಲೆಯಲ್ಲ.

"ಆಡ್ತೀನಿ," ಎಂದಳು.

ಮೇಷ್ಟ್ರು ಎಕ್ಕ, ಏಳು ತೋರಿಸಿದರು. ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆ ಬಿದ್ದವು. ಅವರಿಗೆ ನೆರವಾಗುವಂಥದ್ದು ಒಂದೂ ಬರಲಿಲ್ಲ; ಕಂಬಕ್ಕನ ಜೋಡಿ ಹತ್ತೇ ಗೆದ್ದಿತು.

"ನೀವು ಕಾಯ್ತೀರಿ ಅಂದ್ಕೊಂಡಿದ್ದೆ," ಎನ್ನುತ್ತ ಮೇಷ್ಟ್ರು ಎದ್ದರು.

ತಮ್ಮ ಓಡಿ ಬಂದ. "ಸೋತಿದ್ರೆ ಏನ್ ಗತಿ ಅಕ್ಕಾ?"

"ಸೋತಿದ್ರೂ ಆಡೋಕೆ ಬಿಲ್ಲೆ ಇರ್ತಿತ್ತು. ಗುಂಪಿನವರಿಗೆ ಫೋನ್ ಮಾಡು. ಬರೋ ವರ್ಷ ಯಾರನ್ನ ಕಳಿಸ್ಬೇಕು ಅಂತ ಈಗಲೇ ತೀರ್ಮಾನ ಮಾಡ್ಕೊಳ್ಳಲಿ."

"ಯಾಕೆ, ನೀನಲ್ವಾ?"

"ಪಂದ್ಯ ಗೆದ್ದವರಿಗೆ ಬರೋ ವರ್ಷ ಬೇರೆಯದೇ ಪ್ರವೇಶ ಇರುತ್ತಲ್ಲೋ. ಗುಂಪಿನದ್ದು ನಂಗ್ಯಾಕೆ?" ಎನ್ನುತ್ತ ಅವಳು ಕೊನೆಯ ಮೇಜಿನತ್ತ ನಡೆದಳು.