ದೊಡ್ಡ ಇಂಜಿನ್, ಬೆರಳಷ್ಟು ಜಾಗ

ಏರು ಬಂದರೆ ಸಾಕು, ನಮ್ಮ ಹಳೇ ಕಾರು ಮೊಂಡು ಹಿಡಿಯುತ್ತಿತ್ತು. ಅತ್ತೆ, ಮಾವ, ನಾದಿನಿ ಮೂವರೂ ಇಳಿದು ತಳ್ಳಬೇಕು. “ಮನೇಲೇ ಮೆಕ್ಯಾನಿಕ್ ಸೊಸೆ ಇದ್ದಾಳೆ, ನಮ್ಮ ಗತಿ ನೋಡಿ!” ಎಂದು ಅತ್ತೆ ದಾರಿಹೋಕರಿಗೆಲ್ಲ ಸಾರುತ್ತಿದ್ದರು. ಅಲ್ಲಿ ಸಲೀಸಾಗಿ ಏರುತ್ತಿದ್ದದ್ದು ನನ್ನ ಸಿಟ್ಟೊಂದೇ.

ಕೊನೆಗೆ ದೊಡ್ಡ ಇಂಜಿನ್ನನ್ನೇ ತಂದು ಕೂರಿಸಿದೆ. ಕೂತಿತು, ಆದರೆ ಅದರ ತಳದ ಆಯಿಲ್ ಚೇಂಬರ್ ಮುಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲಿಗೆ ಅಂಟಿಕೊಂಡಂತೆ ನಿಂತಿತು. ಕಾರು ಹೊಂಡಕ್ಕಿಳಿದು ಸ್ಪ್ರಿಂಗ್ ಕುಗ್ಗಿದರೆ ಆಕ್ಸಲ್ ಮೇಲೆದ್ದು ಚೇಂಬರನ್ನು ಒಡೆದೇಬಿಡುತ್ತದೆ. ಸ್ಪ್ಯಾನರ್ ಎಸೆದೆ, ಮತ್ತೆ ನಾನೇ ಹೋಗಿ ಹೆಕ್ಕಿಕೊಂಡು ಬಂದೆ. ಚೇಂಬರ್ ಬಿಚ್ಚಿ, ಆಕ್ಸಲ್ ತಾಗುವ ಕಡೆ ತಳವನ್ನು ಕೊಯ್ದು, ಮೇಲೆತ್ತಿ ಬೆಸುಗೆ ಹಾಕಿ ಮತ್ತೆ ಕೂರಿಸಿದೆ.

ಈಗ ಜಾಗ ಸಾಕೇ? ಆಕ್ಸಲ್ ಮೇಲೆ ಜೇಡಿಮಣ್ಣಿನ ಮುದ್ದೆ ಮೆತ್ತಿ, ಮನೆಯವರನ್ನೆಲ್ಲ ಕೂಗಿದೆ. “ಮುಂದಿನ ಬಂಪರ್ ಹತ್ತಿ ಚೆನ್ನಾಗಿ ಕುಣೀರಿ!”

ನಾದಿನಿ ನಗುತ್ತಾ ಹತ್ತಿದಳು. ಮಾವ ಕನ್ನಡಕ ತೆಗೆದಿಟ್ಟು ಹತ್ತಿದರು. “ತಳ್ಳಿಸಿದ್ದಾಯ್ತು, ಇನ್ನು ಕುಣಿಸೂ ಕುಣಿಸ್ತೀಯಾ?” ಎನ್ನುತ್ತಲೇ ಅತ್ತೆ ಎಲ್ಲರಿಗಿಂತ ಜೋರಾಗಿ ಕುಣಿದರು. ಆಮೇಲೆ ಬಗ್ಗಿ ನೋಡಿದೆ. ಮಣ್ಣು ಚಪ್ಪಟೆಯಾಗಿತ್ತು, ಆದರೂ ಬೆರಳಷ್ಟು ದಪ್ಪ ಉಳಿದಿತ್ತು; ಅಂದರೆ ನಡುವೆ ಅಷ್ಟು ಜಾಗ ಇದೆ. ನಾನೂ ಕುಣಿದೆ.

ಅವತ್ತೇ ಎಲ್ಲರನ್ನೂ ಹೇರಿಕೊಂಡು ಹೊರಟೆ. ಏರಿನ ಬುಡ ಬಂದದ್ದೇ ತಡ, ಅಭ್ಯಾಸಬಲದಿಂದ ಬ್ರೇಕ್ ಒತ್ತಿ ಕಿರುಚಿದೆ: “ಎಲ್ಲಾ ಇಳೀರಿ!”

ಯಾರೂ ಅಲ್ಲಾಡಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅತ್ತೆ ಇನ್ನಷ್ಟು ಆರಾಮಾಗಿ ಕಾಲು ಚಾಚಿದರು.

“ಇಳೀಬೇಕಾದ್ದು ನಿನ್ನ ಸಿಟ್ಟು ಕಣೇ, ನಾವಲ್ಲ. ಒತ್ತು ಆಕ್ಸಿಲರೇಟರು!”