ಕಾಲು ಸುತ್ತು

ಅಕ್ಕ ಅಂಚೆ ಚೀಲವನ್ನು ಮೇಜಿನ ಮೇಲಿಟ್ಟು ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಬಟ್ಟೆ ಕಪ್ಪಾಯಿತು. ಅವಳ ಕೆಮ್ಮು ನಿಲ್ಲುವವರೆಗೆ ತಮ್ಮ ನೀರಿನ ಲೋಟ ಹಿಡಿದು ನಿಂತೇ ಇದ್ದ. ಅವನು ಡೀಸೆಲ್ ಎಂಜಿನ್ನುಗಳ ಮೆಕ್ಯಾನಿಕ್. ಮನೆಯ ಮುಂಭಾಗವೇ ಅವನ ಗ್ಯಾರೇಜು.

“ಇವತ್ತೂ ಅವನೇನಾ?”

“ಅವನೇ. ಏರು ಸಿಗೋವರೆಗೂ ಹಿಂದೇನೇ ಬರ್ತಾನೆ. ನಾನು ಎದ್ದು ನಿಂತು ತುಳಿಯೋಕೆ ಶುರು ಮಾಡಿದ್ನಾ, ಮುಂದೆ ಬಂದು ಬುಸ್ಸಂತ ಕರೀ ಹೊಗೆ ಬಿಡ್ತಾನೆ. ಕನ್ನಡೀಲಿ ನೋಡ್ಕೊಂಡು ನಗೋದು ಬೇರೆ.”

ಎದೆ ಹೀಗೇ ಕಟ್ಟುತ್ತಿದ್ದರೆ ಸೈಕಲ್ ಬಿಡಬೇಕೆಂದು ವೈದ್ಯರು ಹೋದ ವಾರ ಹೇಳಿದ್ದರು. ಸೈಕಲ್ ಬಿಟ್ಟರೆ ಏರಿನಾಚೆಯ ನಾಲ್ಕು ಹಳ್ಳಿಗಳ ಟಪಾಲು ಬೇರೆಯವರ ಪಾಲು. ಹದಿನೆಂಟು ವರ್ಷ ಓಡಾಡಿದವಳು ಕಚೇರಿಯ ಮೂಲೆಯಲ್ಲಿ ಕೂತು ಮುದ್ರೆ ಒತ್ತಬೇಕು.

“ಗಾಡಿ ಎಂಥದು?”

“ನೀಲಿ ವ್ಯಾನು. ಹಾಸಿಗೆ ತುಂಬ್ಕೊಂಡು ಹೋಗುತ್ತೆ.”

“ಹಾಸಿಗೆನಾ? ಕಲ್ಲಲ್ವಾ?”

“ಕಲ್ಲೆಲ್ಲಿಂದ ಬಂತೋ? ಹತ್ತಿ ಹಾಸಿಗೆ. ಹಗ್ಗ ಬಿಚ್ಚಿದ್ರೆ ಗಾಳೀಲಿ ಹಾರೋವಂಥದ್ದು.”

ತಮ್ಮನ ಮುಖ ಇಳಿಯಿತು. ಎರಡು ತಿಂಗಳ ಹಿಂದೆ ಆ ವ್ಯಾನಿನವನು ಬಂದು, ಕಲ್ಲು ಹೇರುತ್ತೇನೆ, ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಎಂದು ಗೋಗರೆದಿದ್ದ. ಡೀಸೆಲ್ ಪಂಪಿನ ಸೀಲು ಒಡೆದು, ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಡೀಸೆಲ್ ಹೆಚ್ಚು ಇಳಿಯುವಂತೆ ಮಾಡಿಕೊಟ್ಟವನು ಇವನೇ. ಉರಿಯದೆ ಉಳಿದದ್ದು ಹೊಗೆಯಾಗುತ್ತದೆಂದು ಗೊತ್ತಿತ್ತು. ಭಾರ ಹೊರುವ ಗಾಡಿಗೆ ಅಷ್ಟು ಇದ್ದದ್ದೇ ಎಂದುಕೊಂಡಿದ್ದ. ಹಿಂದಿನ ಬಾಗಿಲು ತೆರೆದು ನೋಡಿರಲಿಲ್ಲ.

“ಅಕ್ಕಾ, ಅದು ನನ್ನ ಕೈಕೆಲಸ,” ಎಂದು ಎಲ್ಲವನ್ನೂ ಹೇಳಿದ.

ಅಕ್ಕ ಕಪ್ಪಾದ ಬಟ್ಟೆಯನ್ನು ಅವನ ಮುಂದೆ ಹಿಡಿದಳು. “ಅಂತೂ ನನಗೆ ಹೊಗೆ ಹಾಕಿಸಿದವನು ಒಡಹುಟ್ಟಿದವನೇ ಅನ್ನು.”

ಎರಡು ದಿನ ಕಳೆದು ವ್ಯಾನಿನವನು ಎಂಜಿನ್ ಆಯಿಲ್ ಬದಲಿಸಲು ಬಂದ. ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದ.

“ಹೊಗೆ ಹೇಗೆ ಬರುತ್ತೆ ನೋಡ್ಬೇಕು. ಹಿಂದೆ ಹೋಗಿ ಬಗ್ಗಿ ನಿಂತ್ಕೋ ಅಣ್ಣ,” ಎಂದು ಮೆಕ್ಯಾನಿಕ್ ಒಳಗೆ ಕೂತು ಮೂರು ಸಲ ಆಕ್ಸಿಲರೇಟರ್ ಒತ್ತಿದ.

“ಸಾಕು ಮಾರಾಯ, ಕಣ್ಣೇ ಕಾಣ್ತಿಲ್ಲ.”

“ಏರಲ್ಲಿ ಸೈಕಲ್ ತುಳಿಯೋರಿಗೂ ಕಾಣಲ್ಲ. ಟಪಾಲಿನವಳು ನಮ್ಮಕ್ಕ.”

“ಸುಮ್ನೆ ತಮಾಷೆಗೆ...” ಮಿಕ್ಕದ್ದು ಕೆಮ್ಮಿನಲ್ಲಿ ಹೋಯಿತು.

ಮೆಕ್ಯಾನಿಕ್ ಕೆಳಗಿಳಿದ. ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದು, ತಂತಿ ಸುತ್ತಿ ಸೀಲು ಒತ್ತಿದ. “ಇದನ್ನ ಮತ್ತೆ ಒಡೆಸಿದ್ರೆ ನನ್ನ ಬಾಗಿಲಿಗೆ ಬರ್ಬೇಡ.”

ಮರುದಿನ ಬೆಳಿಗ್ಗೆ ತಮ್ಮ ಏರಿನ ಬುಡದಲ್ಲಿ ನಿಂತಿದ್ದ. ಅಕ್ಕ ಪೆಡಲಿನ ಮೇಲೆ ಎದ್ದಳು. ನೀಲಿ ವ್ಯಾನು ಅವಳನ್ನು ದಾಟಿ ಮುಂದೆ ಹೋಯಿತು. ಅಭ್ಯಾಸಬಲವೋ ಏನೋ, ವ್ಯಾನಿನವನು ಆಕ್ಸಿಲರೇಟರ್ ಒತ್ತಿಯೇ ಒತ್ತಿದ. ಎಂಜಿನ್ ಗೊರಗುಟ್ಟಿತು, ಅಷ್ಟೇ. ಉಸಿರು ಬಿಗಿಹಿಡಿದಿದ್ದ ಅಕ್ಕ ಇನ್ನೂ ನಾಲ್ಕು ಮಾರು ಹಾಗೇ ತುಳಿದಳು. ಆಮೇಲೆ ಅವಳ ಭುಜಗಳು ಇಳಿದದ್ದು ಕೆಳಗಿನಿಂದಲೇ ಕಂಡಿತು.

ಮೇಲೆ ತಲುಪಿ ಅವಳು ತಿರುಗಿ ನೋಡಿದಳು.

“ಅಲ್ಲೇನೋ ಕಂಬದ ಹಾಗೆ ನಿಂತಿದ್ದೀಯ? ಹೋಗಿ ಗ್ಯಾರೇಜು ತೆಗಿ.”

ಏರಿನ ತುದಿಯಿಂದ ಅವಳು ಹಾಗೆ ಕೆಮ್ಮದೆ ಕೂಗಿ ಮಾತಾಡಿ ಎರಡು ತಿಂಗಳಾಗಿತ್ತು.