ಸೋಲದ ಯುದ್ಧದ ದಂಡನಾಯಕ

ಯುದ್ಧ ಸೋತು ಅಪ್ಪ ಒಬ್ಬರೇ ಮನೆಗೆ ಬಂದ ದಿನ ಅಮ್ಮನ ಕೈಹಿಡಿದು ಒಂದು ಮಾತು ಕೊಟ್ಟರಂತೆ: "ಇನ್ನು ಉಸಿರಿರೋ ತನಕ ಯಾರಿಗೂ ಅಪ್ಪಣೆ ಕೊಡಲ್ಲ." ಅವರ ಅಪ್ಪಣೆಯಂತೆ ನದಿಗಿಳಿದ ಹುಡುಗರಲ್ಲಿ ಒಬ್ಬನೂ ಆಚೆ ದಡ ಸೇರಿರಲಿಲ್ಲ.

ಆಮೇಲೆ ಅಪ್ಪ ದರ್ಜಿಯಾದರು. ಅಳತೆ ತೆಗೆಯುವಾಗಲೂ "ಕೈ ಎತ್ತಿ" ಎಂದವರಲ್ಲ; "ಕೈ ಸ್ವಲ್ಪ ಮೇಲೆ ಹೋದರೆ ಅನುಕೂಲ ಆಗ್ತಿತ್ತು" ಎನ್ನುವರು. ಎದುರಂಗಡಿಯ ಬೀಗ ರಿಪೇರಿಯವನಿಗೆ ಇದು ನಿತ್ಯದ ತಮಾಷೆ. "ನಿಮ್ಮಪ್ಪ ಸೂಜಿಗೂ ದಮ್ಮಯ್ಯ ಅಂತಾರಲ್ಲಮ್ಮ, ದಾರ ಹೇಗೆ ಪೋಣಿಸ್ತಾರೆ?" ಅಮ್ಮ ತೀರಿಹೋದ ಮೇಲೂ ಅಪ್ಪ ಕೊಟ್ಟ ಆ ಮಾತು ಉಳಿದಿತ್ತು. ಅದೊಂದರ ಬಲದಿಂದಲೇ ಅಪ್ಪ ರಾತ್ರಿ ಕಣ್ಣು ಮುಚ್ಚುತ್ತಿದ್ದದ್ದು.

ನನ್ನ ಮಗಳಿಗೆ ಕಂಪ್ಯೂಟರ್ ಆಟದ ಹುಚ್ಚು. ಇಡೀ ದೇಶವನ್ನೇ ನಡೆಸುವ ಆಟ. ಸೈನ್ಯ, ರೈಲು, ಕಾರ್ಖಾನೆ, ಎಲ್ಲ ಆಡುವವರ ಕೈಯಲ್ಲಿ. ಆಟದೊಳಗಿನ ಇತಿಹಾಸವನ್ನು ತಮಗೆ ಬೇಕಾದಂತೆ ತಿದ್ದಿ ಹಂಚುವವರೂ ಇದ್ದಾರೆ. ತಿದ್ದಿದ್ದಕ್ಕೆ ಮಾಡ್ ಅನ್ನುತ್ತಾರೆ. ಇವಳೂ ಒಂದು ಮಾಡ್ ಮಾಡಿದಳು. ಅದರಲ್ಲಿ ನಾವು ನದಿ ದಾಟುತ್ತೇವೆ, ಯುದ್ಧ ಗೆಲ್ಲುತ್ತೇವೆ.

ಅದು ಸಾವಿರಾರು ಜನರ ಕೈಗೆ ಹೋದ ಮೇಲೆ ನಾನು ನೋಡಿದ್ದು. ಪರದೆಯ ಮೇಲೆ ಬೂದು ಸಮವಸ್ತ್ರದ ದಂಡನಾಯಕ. ಮೀಸೆಯ ಹಿಂದೆ ಅಪ್ಪ.

"ಅಜ್ಜನ ಮುಖ ಯಾಕೆ ಹಾಕಿದೆಯೇ?"

"ಯಾವುದೋ ಒಂದು ಮುಖ ಬೇಕಿತ್ತಮ್ಮ. ಮೀಸೆ ಬೇರೆ ಅಂಟಿಸಿದೀನಿ."

"ಅವರನ್ನ ಕೇಳಿದ್ಯಾ?"

"ಕೇಳಿದ್ರೆ 'ನಿಮ್ಮ ಚಿತ್ತ ತಾಯಿ' ಅಂತಿದ್ರು. ಅಜ್ಜ ಯಾವತ್ತು ಬೇಡ ಅಂದಿದಾರೆ?"

ಅಜ್ಜ ಸೈನ್ಯದಲ್ಲಿದ್ದರೆಂಬುದನ್ನೇ ನಾವು ಅವಳಿಗೆ ಹೇಳಿರಲಿಲ್ಲ.

ಆ ಆಟ ಆಡುವವರಲ್ಲಿ ಮೊದಲು ಅಂಗಡಿಗೆ ಬಂದವನು ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದಿದ್ದ. ಅಪ್ಪ ಮಂಡಿಯೂರಿ ಗುಂಡುಪಿನ್ನು ಚುಚ್ಚುತ್ತಿದ್ದರು. ಅವನು ಕೆಳಗೆ ನೋಡಿದ, ಮೊಬೈಲು ನೋಡಿದ, ಥಟ್ಟನೆ ಹಿಂದೆ ಸರಿದು ಹಿಮ್ಮಡಿ ಜೋಡಿಸಿದ.

"ದಂಡನಾಯಕರೇ, ನೀವು ನನ್ನ ಕಾಲ ಹತ್ತಿರ ಕೂರಬಾರದು."

ಅವನು ನಗುತ್ತಿರಲಿಲ್ಲ.

ಮುಂದಿನ ವಾರ ಗೆಳೆಯರನ್ನು ಕಟ್ಟಿಕೊಂಡು, ಬೂದು ಬಟ್ಟೆಯ ಥಾನು ಹೊತ್ತು ಬಂದ. ಆಟದಲ್ಲಿರುವ ಸಮವಸ್ತ್ರವೇ ಬೇಕಂತೆ. ಆಗಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವನ ಮೊಬೈಲಿನ ಚಿತ್ರವನ್ನು ಹತ್ತಿರ ಹಿಡಿದು ನೋಡಿ, "ಕಾಲರು ಹೀಗಿರಲಿಲ್ಲ," ಎಂದರು.

ಮಗಳಿಗೆ ಬೈದು ಚಿತ್ರ ತೆಗೆಸಿದೆ. ಏನು ಬಂತು? "ನಾನು ತೆಗ್ದೆ ಅಮ್ಮ. ಆಡೋರು ಅದನ್ನ ಕಾಪಿ ಮಾಡ್ಕೊಂಡು ತಮ್ದೇ ಮುಂದುವರಿಸಿದಾರೆ. ನದಿ ದಾಟಿದ ಮೇಲೆ ಆಚೆ ಊರಲ್ಲಿ ಯಾರ್ಯಾರನ್ನ ಏನ್ಮಾಡ್ಬೇಕು ಅಂತೆಲ್ಲ ಸೇರ್ಸಿದಾರೆ." ಅವಳು ಪರದೆಯನ್ನು ನನ್ನತ್ತ ತಿರುಗಿಸಿದಳು. "ಅದು ನಾನು ಬರೆದಿದ್ದಲ್ಲ."

ಆಚೆ ದಡದವರೂ ನಮ್ಮ ಗಿರಾಕಿಗಳೇ. ಅವರ ಮಕ್ಕಳ ಶಾಲೆ ಬಟ್ಟೆ ಹೊಲಿಯುವುದು ಅಪ್ಪನೇ. ಆ ವಾರ ಅವರಲ್ಲಿ ಒಬ್ಬರೂ ಸೇತುವೆ ದಾಟಿ ಬರಲಿಲ್ಲ.

"ಅಪ್ಪಾ, ಆ ಹುಡುಗರು ಬಂದ್ರೆ ನೀವು ಒಳಗೇ ಇರಿ. ಅಮ್ಮನಿಗೆ ಕೊಟ್ಟ ಮಾತು ನೆನಪಿದೆ ತಾನೆ?"

"ಮರೆಯೋ ಮಾತಾ ಅದು?" ಎಂದರು. ಬೂದು ಅಂಗಿಗೆ ಕಾಜ ಹೊಲಿಯುತ್ತಿದ್ದ ಕೈ ಮಾತ್ರ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಬಟ್ಟೆ ಒಯ್ಯಲು ಬಂದವರು ಬೀದಿಯ ತಿರುವಿನ ತನಕ ಸಾಲುಗಟ್ಟಿ ನಿಂತಿದ್ದರು. ಬೀಗದವನು ತನ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ಬಟ್ಟೆ ತಗೊಂಡು ಹೊರಡಿ. ಅವರಿಗೆ ವಯಸ್ಸಾಗಿದೆ."

ಗಾಳಿಗೆ ಹೇಳಿದಂತಾಯಿತು. ಮುಂದಿದ್ದವನು ನನ್ನ ಹೆಗಲ ಮೇಲಿಂದ ಒಳಗೆ ನೋಡಿ, "ಅಪ್ಪಣೆಯಾಗಲಿ," ಎಂದ.

ಅಪ್ಪ ಕತ್ತರಿ ಕೆಳಗಿಟ್ಟು ಎದ್ದು ಬಂದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಮನೆಗೆ ಹೋಗಿರಪ್ಪಾ ಎಂದು ಅವರನ್ನು ಬೇಡಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬಾಗಿದ ಬೆನ್ನು ನೆಟ್ಟಗಾಯಿತು.

"ಸಾಲು ಸೊಟ್ಟಗಿದೆ. ಸರಿಯಾಗಿ ನಿಲ್ಲಿ."

ಬೀದಿಯುದ್ದಕ್ಕೂ ಎಲ್ಲರೂ ಒಂದೇ ಸಲಕ್ಕೆ ಸರಿದು ನಿಂತರು.

ಅಮ್ಮನಿಗೆ ಕೊಟ್ಟ ಮಾತಿಗೆ ಅಪ್ಪ ತಪ್ಪಿದರು.